ಔಗುಸ್ಟ್ ಯಾವ ಹಡಗಿನಲ್ಲಿ ಬಂದ?

ಗ್ರೂನ್‌ಟಾಲ್, ಸ್ಟುಟರ್‌ಹೈಮ್ ಹತ್ತಿರ
3 ಮಾರ್ಚ್ 2019, ಭಾನುವಾರ

ಹೈನೋ,

ನೀನು ಹ್ಯಾಂಬರ್ಗಿಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಇಲ್ಲಿಯವರೆಗೆ ನಿನ್ನನ್ನು ಏನೂ ಕೇಳಿದವಳಲ್ಲ. ಈಗ ಒಂದು ಕೇಳುತ್ತೇನೆ.

ಈ ವರ್ಷದ ಕೊನೆಗೆ ನಮ್ಮ ಚರ್ಚು ಮುಚ್ಚುತ್ತದೆ. ಉಳಿದಿರುವವರು ಇಪ್ಪತ್ತಮೂರು ಜನ, ಅದರಲ್ಲಿ ಮೆಟ್ಟಿಲು ಹತ್ತಬಲ್ಲವರು ಹದಿನೈದು. ಮುಚ್ಚುವ ಮೊದಲು ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರಂತೆ. 1858ರಲ್ಲಿ ಜರ್ಮನಿಯಿಂದ ಆಫ್ರಿಕಾದ ಈ ಊರಿಗೆ ಬಂದ ಮೊದಲಿಗರ ಹೆಸರುಗಳು, ಹಡಗಿನ ಪ್ರಕಾರ. ಎಡಗಡೆ ‘ಕ್ರಿಸ್ಟಿನಾ’, ಬಲಗಡೆ ‘ಹೆನ್ರಿಯೆಟ್’. ಸಭೆಯ ಹಿರಿಯ ಅಂತ ಏವಾಲ್ಡ್ ಡುಮ್ಕೆ ಇವತ್ತು ಪಟ್ಟಿ ಓದಿದ. ಕೊನೆಯ ಬೆಂಚಿನಲ್ಲಿ ಕೂತು ಕಿವಿಗೊಟ್ಟು ಕೇಳಿದೆ. ಲೆಂಬ್ಕೆ ಇಲ್ಲ.

ಚಿಕ್ಕವನಿದ್ದಾಗ ನೀನು ಕೇಳುತ್ತಿದ್ದೆ, “ಅತ್ತೆ, ಮುಂದೆ ಜಾಗ ಖಾಲಿ ಇದ್ಯಲ್ಲ, ನಾವ್ಯಾಕೆ ಹಿಂದೆ ಕೂರೋದು?” ಅಂತ. ಕ್ರಿಸ್ಟಿನಾದವರು ಮುಂದೆ, ಎರಡು ತಿಂಗಳು ತಡವಾಗಿ ಬಂದ ಹೆನ್ರಿಯೆಟ್‌ನವರು ನಡುವೆ, ಹಡಗು ಗೊತ್ತಿಲ್ಲದವರು ಹಿಂದೆ. ಹಡಗು ಗೊತ್ತಿಲ್ಲದ ಮನೆ ಊರಿಗೆಲ್ಲ ನಮ್ಮದೊಂದೇ. ಹೆಣ್ಣು ಕೇಳುವಾಗ, ಹೆಣಕ್ಕೆ ಹೆಗಲು ಕೊಡುವಾಗ, ಎಲ್ಲಕ್ಕೂ ಮೊದಲು ಹಡಗು.

ನಾನು ಎದ್ದು ನಿಂತೆ. “ಏವಾಲ್ಡ್, ಔಗುಸ್ಟ್ ಲೆಂಬ್ಕೆ ಎಲ್ಲಿ?”

ಅವನು ಕನ್ನಡಕ ತೆಗೆದು ಒರೆಸಿದ. “ಪಟ್ಟೀಲಿ ಇಲ್ಲ ಆಲ್ಮಾ.”

“ನೀನು ನಿಂತಿದೀಯಲ್ಲ, ಆ ಗೋಡೆ ಇಟ್ಟಿಗೆ ಸುಟ್ಟೋರು ಯಾರು?”

ನಡುಬೆಂಚಿನಿಂದ ಸೆಲ್ಮಾ ಶ್ಮೋಲ್ಕೆ ತಿರುಗಿ ನೋಡಿದಳು. “ಕಲ್ಲು ಇಡೋದು ಇಟ್ಟಿಗೆ ಸುಟ್ಟೋರಿಗಲ್ಲ ಕಣೇ, ಹಡಗಲ್ಲಿ ಬಂದೋರಿಗೆ.”

“ಮತ್ತೆ ನಮ್ಮ ಮುತ್ತಜ್ಜ ಏನು, ಈಜ್ಕೊಂಡು ಬಂದ್ನಾ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕೆತ್ತುವ ಮೊದಲು ಪಟ್ಟಿಯನ್ನು ಮೂರು ಸಲ ಚರ್ಚಿನಲ್ಲಿ ಓದಬೇಕು, ಮದುವೆಯ ಘೋಷಣೆ ಓದುವ ಹಾಗೆ. ತಕರಾರಿದ್ದವರು ಅಷ್ಟರಲ್ಲಿ ಹೇಳಬೇಕು. ಮೂರನೆಯ ಸಲ ಓದುವುದು ಜೂನ್ ಒಂಬತ್ತಕ್ಕೆ, ಪೆಂತೆಕೋಸ್ತ್ ಭಾನುವಾರ. ಹಡಗು ಬಿಟ್ಟಿದ್ದು ನೀನಿರುವ ಊರಿನಿಂದ. ಕಾಗದಪತ್ರ ಅಲ್ಲೇ ಇರಬೇಕು. ಔಗುಸ್ಟ್ ಯಾವ ಹಡಗಿನಲ್ಲಿ ಬಂದ, ಅಷ್ಟು ನೋಡಿ ಹೇಳು.

ಈ ಪತ್ರದ ಫೋಟೊ ತೆಗೆದು ಕಳಿಸುತ್ತಿರುವವಳು ಅಂಗಡಿಯ ನೊಜುಕೊ. ನೀನು ಅವಳ ಫೋನಿಗೇ ಕಳಿಸು, ಕಾಗದದ ಮೇಲೆ ಅಚ್ಚು ತೆಗೆದುಕೊಡುತ್ತಾಳೆ. ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. “ಯಾವ ಹಡಗು ಯಾವ ಹಡಗು ಅಂತ ನಿಮ್ಮೊಳಗೇ ಕಿತ್ತಾಡ್ತೀರಲ್ಲ ಆಲ್ಮಾ, ಹಡಗು ಬರಬಹುದಾ ಅಂತ ನಮ್ಮಜ್ಜಂದಿರನ್ನ ಒಬ್ರಾದ್ರೂ ಕೇಳಿದ್ರಾ?” ಅನ್ನುತ್ತಾಳೆ.

ನಿನ್ನ ಅತ್ತೆ,
ಆಲ್ಮಾ

*

ಹ್ಯಾಂಬರ್ಗ್
21 ಮಾರ್ಚ್ 2019

ಅತ್ತೆ,

ಕೈಯಲ್ಲಿ ಬರೆಯುವುದು ನನ್ನಿಂದಾಗದು. ನಾನು ಮಾತಾಡುತ್ತೇನೆ, ಫೋನು ಬರೆದುಕೊಳ್ಳುತ್ತದೆ. ನಡುವೆ ಅರ್ಥವಾಗದ್ದೇನಾದರೂ ಬಂದರೆ ಅದು ಪಕ್ಕದ ಮಂಚದವನ ಗೊರಕೆ ಅಂದುಕೋ. ಈ ಕೋಣೆಯಲ್ಲಿ ನಾವು ಐದು ಜನ.

ನಾನು ಚೆನ್ನಾಗಿದ್ದೇನೆ. ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸ. ಹಿಂದಿನ ಕೆಲಸ ಬಿಟ್ಟೆ, ಅದರ ಹಿಂದಿನದನ್ನೂ ಬಿಟ್ಟೆ, ಅದು ಇರಲಿ. ಪಟ್ಟಿ ನೋಡಿದೆ. ಎರಡೂ ಹಡಗಿನಲ್ಲಿ ಲೆಂಬ್ಕೆ ಅನ್ನುವವರಿಲ್ಲ. ಇನ್ನೂ ನಾಲ್ಕು ಹಡಗು ನೋಡಿದೆ. ಇಲ್ಲ.

ಬಿಟ್ಟುಬಿಡು ಅತ್ತೆ. ಕಲ್ಲಿನ ಮೇಲೆ ಹೆಸರಿದ್ದರೆ ಏನು, ಇಲ್ಲದಿದ್ದರೆ ಏನು? ಮುಚ್ಚಿಹೋಗುವ ಚರ್ಚಿನ ಅಂಗಳದ ಕಲ್ಲನ್ನು ಓದುವವರು ಯಾರು, ನೊಜುಕೊ ಮನೆಯ ಮೇಕೆಗಳಾ? ಅಷ್ಟು ಬೇಕೇ ಬೇಕು ಅಂದರೆ ಏವಾಲ್ಡ್ ಮಾಮನಿಗೆ ಹೇಳು. ಒಳ್ಳೆಯವರು ಪಾಪ. ನಿನ್ನ ಪಂಪು ಕೆಟ್ಟಾಗಲೆಲ್ಲ ಓಡಿ ಬರುತ್ತಿದ್ದರು. ನೀನು ಕೇಳಿದರೆ ಒಂದು ಮೂಲೆಯಲ್ಲಿ ಕೆತ್ತಿಸದೆ ಇರುತ್ತಾರಾ?

ಹೈನೋ

*

ಗ್ರೂನ್‌ಟಾಲ್
2 ಏಪ್ರಿಲ್ 2019

ಹೈನೋ,

ಏವಾಲ್ಡನನ್ನು ಕೇಳುವ ಮಾತು ಬೇಡ.

ನೀನು ಎಲ್ಲಿಗೂ ಹೋಗಿಲ್ಲ, ಮಂಚದ ಮೇಲೆ ಮಲಗಿ ಫೋನು ನೋಡಿದ್ದೀಯ. ಶಾಲೆಯಲ್ಲಿದ್ದಾಗಲೂ ನಿನ್ನ ಲೆಕ್ಕದ ಉತ್ತರಗಳು ಇಷ್ಟೇ ಬೇಗ ಬರುತ್ತಿದ್ದವು.

ಔಗುಸ್ಟ್ ಯಾರು ಅಂತ ನಿನಗೆ ಸರಿಯಾಗಿ ಹೇಳಿರಲಿಲ್ಲ, ಅದು ನನ್ನ ತಪ್ಪು. ನನಗೆ ಹೇಳಿದವಳು ಅವನ ಹಿರಿಮಗಳು, ಲೂಯಿಸ ಅಜ್ಜಿ. ನನಗೆ ಹತ್ತು ವರ್ಷ, ಅವಳಿಗೆ ಎಂಬತ್ತೇಳು. ಅಡುಗೆಮನೆಯ ಒಲೆಯ ಪಕ್ಕ ಅವಳ ಕುರ್ಚಿ. ಹುರಿದ ಗೆಣಸಿನ ಕಾಫಿ ಕುಡಿಯುತ್ತಿದ್ದಳು. ನಿಜವಾದ ಕಾಫಿ ತಂದುಕೊಟ್ಟರೆ “ಇದು ದೊರೆಗಳದ್ದು, ಹೊಟ್ಟೆ ಉರಿಯುತ್ತೆ” ಅಂತ ಪಕ್ಕಕ್ಕೆ ತಳ್ಳುತ್ತಿದ್ದಳು.

ಅವನ ಕಾಲು ನೋಡಿದರೆ ಮಕ್ಕಳು ಹೆದರುತ್ತಿದ್ದವಂತೆ. ಮೂವತ್ತು ವರ್ಷ ಜೇಡಿಮಣ್ಣು ತುಳಿದ ಕಾಲು, ಅಡಿಯಲ್ಲಿ ಬಿರುಕು, ಬಿರುಕಿನೊಳಗೆ ಕೆಂಪು. ಸ್ನಾನ ಮಾಡಿದರೂ ಹೋಗದ ಕೆಂಪು. ಡುಮ್ಕೆಯವರ ಜಮೀನಿನ ಕೆಳಗಿನ ಮಣ್ಣುಗುಂಡಿಯಲ್ಲಿ ಎತ್ತಿನ ಜೊತೆ ತಾನೂ ತುಳಿಯುತ್ತಿದ್ದ. ಎತ್ತು ನಿಂತರೂ ಅವನು ನಿಲ್ಲುತ್ತಿರಲಿಲ್ಲ. ಗೂಡಿಗೆ ಬೆಂಕಿ ಇಟ್ಟ ಮೇಲೆ ಐದು ದಿನ ಮನೆಗೆ ಬರುತ್ತಿರಲಿಲ್ಲ, ಹೆಂಡತಿ ಸಾರು ಒಯ್ದು ಕೊಡುತ್ತಿದ್ದಳು. ಬೆಂದ ಇಟ್ಟಿಗೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದ. “ಇದು ಹಾಡುತ್ತೆ, ಗೋಡೆಗೆ. ಇದು ಕೆಮ್ಮುತ್ತೆ, ಹಂದಿಗೂಡಿಗೆ” ಅನ್ನುತ್ತಿದ್ದನಂತೆ.

ಯಾವ ಹಡಗು ಅಂತ ಕೇಳಿದರೆ ಅವನದು ಒಂದೇ ಉತ್ತರ. “ದಾರಿಯುದ್ದಕ್ಕೂ ನಿದ್ದೆ ಮಾಡಿಬಿಟ್ಟೆ, ಹೆಸರು ನೋಡಲಿಲ್ಲ.” ಜನ ನಗುತ್ತಿದ್ದರು. ನಾವೂ ಮೂರು ತಲೆಮಾರು ಅದನ್ನೇ ಹೇಳಿಕೊಂಡು ನಕ್ಕಿದ್ದೇವೆ.

ಇನ್ನೊಂದು ನಗುವ ಕಥೆಯಿದೆ. ಅವನ ಮದುವೆಯ ಘೋಷಣೆ ಓದುವ ದಿನ ಪಾದ್ರಿಗಳ ಜೊತೆ ಚರ್ಚಿನೊಳಗೇ ಜಗಳ ತೆಗೆದನಂತೆ. ಎದ್ದು ನಿಂತು ಏನೋ ಕೂಗಿದ, ಪಾದ್ರಿಗಳು ಓದುತ್ತಿದ್ದುದನ್ನು ನಿಲ್ಲಿಸಿ ಪುಸ್ತಕದಲ್ಲಿ ಗೀಚಿದರು. ಬೆಳಗ್ಗೆಯೇ ಕುಡಿದಿದ್ದ ಅಂತ ಊರು ಹೇಳಿತು. ಲೂಯಿಸ ಅಜ್ಜಿ ಮಾತ್ರ ಅಲ್ಲ ಅನ್ನುತ್ತಿದ್ದಳು. “ನಮ್ಮಪ್ಪ ಒಂದು ತೊಟ್ಟು ಮುಟ್ಟಿದೋನಲ್ಲ” ಅನ್ನುತ್ತಿದ್ದಳು.

ಕೂಲಿಯವರು ಅಡುಗೆಮನೆಯಲ್ಲಿ ಉಂಡರೆ ಔಗುಸ್ಟ್ ಮಾತ್ರ ಪ್ರತಿ ಕ್ರಿಸ್‌ಮಸ್ ರಾತ್ರಿ ಡುಮ್ಕೆಯವರ ದೊಡ್ಡ ಮೇಜಿನಲ್ಲಿ, ಯಜಮಾನಿ ಲೂಯಿಸ ಡುಮ್ಕೆಯ ಬಲಗಡೆ ಕೂತು ಉಣ್ಣುತ್ತಿದ್ದ. ಅವನ ಹಿರಿಮಗಳಿಗೆ ಆಕೆಯೇ ಜ್ಞಾನಸ್ನಾನದ ತಾಯಿ, ಆಕೆಯದೇ ಹೆಸರು. ಕೂಲಿಯವನಿಗೆ ಇಷ್ಟು ಮರ್ಯಾದೆ ಯಾಕೆ ಅಂತ ನಾನು ಬಹಳ ಯೋಚಿಸಿದ್ದೇನೆ.

ಮದುವೆಯ ದಾಖಲೆಯಲ್ಲಿ ಅವನ ಊರಿದೆ. ಹೋಹೆನ್‌ಫೆಲ್ಡ್, ಊಕರ್‌ಮಾರ್ಕ್ ಸೀಮೆ. ರೈಲು ಹತ್ತು. ನಿನ್ನನ್ನು ಎರಡು ವರ್ಷದವನಿದ್ದಾಗಿನಿಂದ ಸಾಕಿದವಳು ಕೇಳುತ್ತಿದ್ದೇನೆ.

ಅತ್ತೆ

*

ಹ್ಯಾಂಬರ್ಗ್
28 ಏಪ್ರಿಲ್ 2019

ಅತ್ತೆ,

ಹೋಗಿಬಂದೆ. ಮೂರು ರೈಲು, ಒಂದು ಬಸ್ಸು, ಆಮೇಲೆ ಐದು ಕಿಲೋಮೀಟರ್ ನಡಿಗೆ. ಸಾಸಿವೆಯಂಥ ಎಣ್ಣೆಬೆಳೆ ಹೂವು ಬಿಟ್ಟು ಹೊಲವೆಲ್ಲ ಹಳದಿ. ಅಲ್ಲಿಯ ಪಾದ್ರಿ ಒಬ್ಬ ಹೆಂಗಸು, ಫ್ರೌ ಟೀಡ್ಟ್‌ಕೆ. ನಾನು ಬಾಯಿ ತೆರೆದದ್ದೇ ತಡ, ನಕ್ಕುಬಿಟ್ಟರು. “ನೀನು ಮಾತಾಡೋದು ನಮ್ಮ ಮುತ್ತಜ್ಜಿ ಥರ ಇದೆ ಮರಿ. ಎಲ್ಲಿ ಕಲಿತೆ ಈ ಜರ್ಮನ್ನು?”

“ಆಫ್ರಿಕಾದಲ್ಲಿ, ನಮ್ಮತ್ತೆ ಹತ್ರ.”

“ಇಲ್ಲಿ ಸತ್ತುಹೋಯ್ತು, ಅಲ್ಲಿ ಬದುಕಿದೆ ನೋಡು” ಅಂದು ಸೂಪು ಬಡಿಸಿದರು. ಆಮೇಲೆ ಪುಸ್ತಕ ತೆಗೆದರು. ನಿಧಾನವಾಗಿ ಓದು ಅತ್ತೆ, ಕೂತುಕೊಂಡು ಓದು.

1855ರ ಪುಟದಲ್ಲಿ ಔಗುಸ್ಟ್ ಲೆಂಬ್ಕೆ ಇದ್ದಾನೆ, ಆಗ ಹದಿನಾಲ್ಕು ವರ್ಷ. ಮನೆಗೆಲಸದ ಡೊರೊಥೆಯಾ ಲೆಂಬ್ಕೆಯ ಮಗ. ತಂದೆಯ ಜಾಗ ಖಾಲಿ. ಇಟ್ಟಿಗೆ ಗೂಡಿನ ಆಳು.

1858ರ ಜನವರಿಯ ಪುಟದಲ್ಲಿ ಇನ್ನೊಬ್ಬ ಔಗುಸ್ಟ್. ಔಗುಸ್ಟ್ ಡುಮ್ಕೆ, ಹದಿನೇಳು ವರ್ಷ, ಜ್ವರದಿಂದ ತೀರಿಕೊಂಡ. ಗಾಟ್‌ಲೀಬ್ ಮತ್ತು ಲೂಯಿಸ ಡುಮ್ಕೆಯ ಮಗ.

ಕ್ರಿಸ್ಟಿನಾ ಹೊರಟಿದ್ದು ಅದೇ ವರ್ಷ ಆಗಸ್ಟಿನಲ್ಲಿ. ಅದರ ಪಟ್ಟಿಯಲ್ಲಿ ಗಾಟ್‌ಲೀಬ್, ಲೂಯಿಸ, ಮಕ್ಕಳು ವಿಲ್‌ಹೆಲ್ಮ್, ಔಗುಸ್ಟ್, ಕಾರ್ಲ್. ಏಳು ತಿಂಗಳ ಹಿಂದೆ ಮಣ್ಣಾದ ಹುಡುಗ ಹಡಗು ಹತ್ತಿದ್ದಾನೆ!

ಫ್ರೌ ಟೀಡ್ಟ್‌ಕೆ ಮತ್ತೆ 1855ರ ಪುಟಕ್ಕೆ ಹೋಗಿ ಲೆಂಬ್ಕೆಯ ಸಾಲಿನ ಅಂಚಿಗೆ ಬೆರಳಿಟ್ಟರು. ಅಂಚಿನಲ್ಲಿ ಹಳೆಯ ಪಾದ್ರಿಗಳ ಸಣ್ಣ ಅಕ್ಷರ: ‘ಜುಲೈ 1858, ಡುಮ್ಕೆಯವರೊಂದಿಗೆ ಆಫ್ರಿಕಾಕ್ಕೆ.’

ಆಗ ಒಂಟಿ ಆಳುಗಳನ್ನು ಕರೆದೊಯ್ಯುತ್ತಿರಲಿಲ್ಲವಂತೆ, ಕುಟುಂಬಗಳನ್ನು ಮಾತ್ರ. ಬೆಳೆದ ಮಗನೊಬ್ಬನಿದ್ದರೆ ಅವನ ಪಾಲಿಗೂ ಜಮೀನು. ಡುಮ್ಕೆಯವರ ಮಗ ಸತ್ತಿದ್ದ, ಹೆಸರು ಆಗಲೇ ಅರ್ಜಿಯಲ್ಲಿತ್ತು. ಲೆಂಬ್ಕೆಗೆ ಹೆಸರಿತ್ತು, ಹೋಗುವ ದಾರಿ ಇರಲಿಲ್ಲ. ಒಂದೇ ವಯಸ್ಸು. ಅವನು ದಾರಿಯುದ್ದಕ್ಕೂ ನಿದ್ದೆ ಮಾಡಲಿಲ್ಲ ಅತ್ತೆ. ಸತ್ತವನ ಹೆಸರಿಟ್ಟುಕೊಂಡು ಎಚ್ಚರವಾಗಿಯೇ ಬಂದ.

ನನಗೆ ಇದು ಫ್ರೌ ಟೀಡ್ಟ್‌ಕೆಗಿಂತ ಮೊದಲೇ ಹೊಳೆಯಿತು. ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನ ವೀಸಾ ಮುಗಿದು ನಾಲ್ಕು ತಿಂಗಳಾಯಿತು. ಗೋದಾಮಿನಲ್ಲಿ ನಾನು ಹೈನೋ ಅಲ್ಲ, ರಾಡು. ರಾಡು ರೊಮೇನಿಯಾದವನು, ಊರಿಗೆ ಹೋದವನು ತನ್ನ ಕಾರ್ಡು ನನಗೆ ಬಿಟ್ಟುಹೋದ. ಮೇಸ್ತ್ರಿ “ರಾಡು!” ಅಂತ ಕೂಗುತ್ತಾನೆ. ನಾನು ತಿರುಗುವುದು ಒಂದು ಕ್ಷಣ ತಡ. “ಕಿವುಡಾ ನೀನು?” ಅನ್ನುತ್ತಾನೆ. ಹೂಂ ಅನ್ನುತ್ತೇನೆ. ಈಗ ಅಲ್ಲಿ ಎಲ್ಲರಿಗೂ ನಾನು ಕಿವುಡ ರಾಡು.

ಆ ಹುಡುಗನ ಗೋರಿ ನೋಡೋಣ ಅಂತ ಹೋದೆ. ಇಲ್ಲ. ಇಲ್ಲಿ ಮೂವತ್ತು ವರ್ಷವಾದರೆ ಜಾಗ ಬೇರೆಯವರಿಗೆ ಕೊಡುತ್ತಾರೆ. ಅವನಿದ್ದ ಕಡೆ ಈಗ ಹುಲ್ಲು.

ಪುಟಗಳ ಫೋಟೊ ಕಳಿಸಿದ್ದೇನೆ. ಏನು ಮಾಡಬೇಕೋ ನೀನು ನೋಡು.

ಹೈನೋ

*

ಹ್ಯಾಂಬರ್ಗ್
26 ಮೇ 2019

ಅತ್ತೆ,

ನಾಲ್ಕು ವಾರ ಆಯಿತು. ನೊಜುಕೊಗೆ ಫೋನ್ ಮಾಡಿದೆ. “ಚೆನ್ನಾಗಿದಾಳೆ, ಸುಮ್ನಿದಾಳೆ” ಅಂದಳು. ನೀನು ಸುಮ್ಮನಿರುವುದು ನನಗೆ ಗೊತ್ತಿಲ್ಲದ ವಿಷಯ.

ಕಾರ್ಡಿನ ಮಾತು ಬರೆಯಬಾರದಿತ್ತು. ನಿನಗೆ ನಾಚಿಕೆಯಾಗಿದೆ. ಅಥವಾ ಔಗುಸ್ಟನಿಗೆ ತಂದೆಯಿಲ್ಲ ಅನ್ನುವುದು ನಿನಗೆ ನೋವಾಯಿತೋ ಏನೋ. ಹಾಗಿದ್ದರೆ ಆ ಕಾಗದ ಒಲೆಗೆ ಹಾಕು. ನಾನು ಹೋಗಲೇ ಇಲ್ಲ ಅಂದುಕೋ.

ಒಂದು ಸಾಲು ಬರೆ ಸಾಕು.

ಹೈನೋ

*

ಗ್ರೂನ್‌ಟಾಲ್
11 ಜೂನ್ 2019

ಹೈನೋ,

ನಾಚಿಕೆ ನಿನ್ನಿಂದ ಅಲ್ಲ. ಡೊರೊಥೆಯಾಳಿಂದಲೂ ಅಲ್ಲ. ಮಗನನ್ನು ಒಬ್ಬಳೇ ಹೊತ್ತು, ಹೆತ್ತು, ತಿರುಗಿ ನೋಡಲಾಗದ ದೂರಕ್ಕೆ ಕಳಿಸಿದವಳು. ಅವಳ ಹೆಸರು ತಿಳಿದ ದಿನ ನಾನು ಅದನ್ನು ಜೋರಾಗಿ ನಾಲ್ಕು ಸಲ ಹೇಳಿದೆ. ಕೋಳಿಗಳು ಓಡಿಬಂದವು.

ನಿನ್ನ ಪತ್ರ ಓದಿ ಮೊದಲು ಚರ್ಚಿನ ಬೀರು ತೆಗೆದೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. 1867ರ ಮದುವೆಯ ಪುಟ. ಲೆಂಬ್ಕೆ ಅನ್ನುವ ಹೆಸರಿನ ಹಿಂದೆ ಹೊಡೆದುಹಾಕಿದ ಒಂದು ಹೆಸರಿದೆ. ಇಷ್ಟು ವರ್ಷ ಶಾಯಿ ಚೆಲ್ಲಿದೆ ಅಂದುಕೊಂಡಿದ್ದೆ. ಕಿಟಕಿಗೆ ಹಿಡಿದರೆ ಓದಬಹುದು: ಡುಮ್ಕೆ. ಅವನು ಕುಡಿದಿರಲಿಲ್ಲ ಮಗ. ಪಾದ್ರಿ ಆ ಹೆಸರು ಓದಿದಾಗ ಎದ್ದು ನಿಂತು ತನ್ನ ಹೆಸರು ಹೇಳಿದ. ಮಕ್ಕಳಿಗೆ ಸತ್ತವನ ಹೆಸರು ಹೋಗಬಾರದು ಅಂತ. ಅಷ್ಟಕ್ಕೆ ಮುಂದಿನ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಬಂದ. ಅದನ್ನು ಕಂಡವರೂ ಆಮೇಲೆ ಬಾಯಿ ಬಿಡಲಿಲ್ಲ, ಅವನೂ ನಿದ್ದೆಯ ಕಥೆ ಹೇಳಿ ಮುಚ್ಚಿಹಾಕಿದ.

ಆಮೇಲೆ ಏವಾಲ್ಡನ ಮನೆಗೆ ಹೋದೆ. ಐವತ್ತೆರಡು ವರ್ಷದ ಮೇಲೆ ಆ ಹೊಸಿಲು ದಾಟಿದ್ದು. ನಿನಗೆ ಇದು ಗೊತ್ತಿಲ್ಲ, ನಿಮ್ಮಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ. 1967ರಲ್ಲಿ ಏವಾಲ್ಡ್ ನನ್ನನ್ನು ಮದುವೆಗೆ ಕೇಳಿದ್ದ. ನಾನು ಹೂಂ ಅಂದಿದ್ದೆ. ಅವನ ತಾಯಿ ಸ್ಟ್ರಾಯ್ಸೆಲ್ ಕೇಕ್ ಹೊತ್ತು ನಮ್ಮ ಅಡುಗೆಮನೆಗೆ ಬಂದರು. ಕೇಕ್ ಕತ್ತರಿಸಿದರೆ ಸಂಬಂಧ ಕೂಡಿತು ಅಂತ ಲೆಕ್ಕ. ಚಾಕು ಮೇಜಿನ ಮೇಲಿತ್ತು. ಆಕೆ ನಮ್ಮಪ್ಪನನ್ನು ಕೇಳಿದರು, “ನಿಮ್ಮದು ಯಾವ ಹಡಗು?” ಅಪ್ಪ “ಗೊತ್ತಿಲ್ಲ ತಾಯಿ” ಅಂದರು. ಆಕೆ ಕೇಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಏವಾಲ್ಡ್ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದವನು ಅವರ ಹಿಂದೆ ಹೋದ. ನನಗೆ ಕಲ್ಲಿನ ಮೇಲೆ ಹೆಸರು ಯಾಕೆ ಬೇಕಿತ್ತು ಅಂತ ಕೇಳಿದ್ದೆಯಲ್ಲ.

ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿದೆ. ಅವನು ಅಲುಗಾಡಲಿಲ್ಲ.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವಾಗಿಂದ?”

“ಕೇಕ್ ವಾಪಸ್ ತಂದ ದಿನದಿಂದ. ಅಮ್ಮ ಬೈಬಲ್ ತೆಗೆದು ತೋರಿಸಿದ್ರು. ಗಾಟ್‌ಲೀಬ್ ಅಜ್ಜನ ಕೈಬರಹ, ಔಗುಸ್ಟ್ ಸತ್ತ ತಾರೀಕು. ‘ಆ ಮನೆ ಹುಡುಗಿ ಬಂದ್ರೆ ಈ ಪುಟ ತೆರೀಬೇಕಾಗುತ್ತೆ, ಮಣ್ಣುಗುಂಡಿ ಜಮೀನು ಯಾರ ಪಾಲಿಂದು ಅಂತ ಕೇಳ್ತಾರೆ’ ಅಂದ್ರು.”

“ಗೊತ್ತಿದ್ದೂ ಮಾರ್ಚಲ್ಲಿ ನನ್ನ ಮುಖ ನೋಡಿ ಪಟ್ಟೀಲಿ ಇಲ್ಲ ಅಂದೆ.”

“ಅಂದೆ.”

“ಥೂ ನಿನ್ನ!”

ಅವನು ನನ್ನ ಮುಂದಿದ್ದ ನಿನ್ನ ಪತ್ರವನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ಹೇಳಿದ, “ಬೈಯಿ, ಇನ್ನೂ ಬೈಯಿ. ಆದ್ರೆ ಒಂದು ಮಾತು ಆಲ್ಮಾ. ಆ ಹುಡುಗನಿಗೆ ಅಲ್ಲಿ ಗೋರಿಯೂ ಇಲ್ಲ ಅಂತ ನೀನೇ ಓದ್ದೆ. ಈ ಪಟ್ಟಿಯಿಂದಾನೂ ತೆಗೆದ್ರೆ ಅವನು ಇನ್ನೆಲ್ಲಿ ಇರ್ತಾನೆ?”

ಎದ್ದು ಬಂದುಬಿಟ್ಟೆ. ನಿನಗೆ ಬರೆಯದೆ ಇದ್ದದ್ದು ಇದಕ್ಕೇ. ಜಾಗ ಒಂದು, ಹುಡುಗರು ಇಬ್ಬರು. ಒಬ್ಬನನ್ನು ಕೂರಿಸಲು ಇನ್ನೊಬ್ಬನನ್ನು ಎಬ್ಬಿಸಬೇಕು. ನಮ್ಮನ್ನು ಹಾಗೆ ಎಬ್ಬಿಸಿದವರ ಮೇಲೆ ಇಷ್ಟು ವರ್ಷ ಸಿಟ್ಟಿಟ್ಟುಕೊಂಡವಳು ನಾನು. ಲೂಯಿಸ ಡುಮ್ಕೆ ಕ್ರಿಸ್‌ಮಸ್ ರಾತ್ರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಔಗುಸ್ಟನಿಗೆ ಬಡಿಸುತ್ತಿದ್ದಳೋ.

ಶನಿವಾರ ಏವಾಲ್ಡನ ಗೇಟಿನ ಹತ್ತಿರ ಹೋಗಿ, ಒಳಗೆ ಹೋಗದೆ ಹೇಳಿದೆ. “ನಾಳೆ ನಾನು ತಕರಾರು ಹೇಳಲ್ಲ. ಇಬ್ಬರೂ ಇರಲಿ. ಹೇಗೆ ಬಂದ್ರು ಅನ್ನೋದನ್ನ ನೀನು ಹೇಳಬೇಕು, ನಿನ್ನ ಬಾಯಿಂದ, ಎಲ್ಲರ ಮುಂದೆ.”

“ನನ್ನ ಕೈಲಿ ಆಗುತ್ತಾ?”

“ಟೋಪಿ ಹಿಡ್ಕೊಂಡು ನಿಲ್ಲಬೇಡ, ಅಷ್ಟೇ.”

ಭಾನುವಾರ ಅವನು ಓದಿದ. ವಿಲ್‌ಹೆಲ್ಮ್ ಆಯಿತು. “ಔಗುಸ್ಟ್ ಡುಮ್ಕೆ, ಹದಿನೇಳು ವರ್ಷ” ಅಂದವನು ಅಲ್ಲಿ ನಿಂತ. ಎಷ್ಟು ಹೊತ್ತು ನಿಂತನೆಂದರೆ ಬೆಂಚಿನವರೆಲ್ಲ ಪುಟ ಕಳೆದುಹೋಯಿತೇನೋ ಅಂದುಕೊಂಡರು.

“ಈ ಹುಡುಗ ಹಡಗು ಹತ್ತಲಿಲ್ಲ. ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಹೆಸರಲ್ಲಿ ಬಂದೋನು ಔಗುಸ್ಟ್ ಲೆಂಬ್ಕೆ. ಅವನ ಪಾಲಿನ ಜಮೀನನ್ನ ನಮ್ಮ ಮನೆ ತಿಂತು. ನಂಗೆ ಇದು ಗೊತ್ತಿತ್ತು. ಆಲ್ಮಾಗೆ ಗೊತ್ತಾಗದ ಹಾಗೆ ಐವತ್ತೆರಡು ವರ್ಷ ನೋಡ್ಕೊಂಡೆ.”

ಸೆಲ್ಮಾ ಶ್ಮೋಲ್ಕೆ ನಿಧಾನವಾಗಿ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಯ್ಯೋ ನನ್ನಪ್ಪಾ. ಹಾಗಾದ್ರೆ ಇವಳು ನಮಗಿಂತ ಎರಡು ತಿಂಗಳು ಮೊದಲು ಬಂದವಳಾ?”

ಹೊರಗೆ ಬಂದಾಗ ಏವಾಲ್ಡನ ಮುಖ ಜ್ವರ ಬಿಟ್ಟವನ ಹಾಗಿತ್ತು. “ಒಂದಿನ ಕಾಫಿಗೆ ಬರ್ಲಾ?” ಅಂದ. “ಬಾ. ಕೇಕ್ ತರಬೇಡ” ಅಂದೆ.

ಈಗ ನಿನ್ನ ವಿಷಯ. ನಾನು ಬೈಯುವುದಿಲ್ಲ. ನಮ್ಮ ಮನೆತನ ಶುರುವಾದದ್ದೇ ಇನ್ನೊಬ್ಬನ ಕಾಗದದ ಮೇಲೆ, ಬೈಯಲು ನನಗೆ ಯಾವ ಬಾಯಿದೆ? ಆದರೆ ಔಗುಸ್ಟ್ ಒಂಬತ್ತು ವರ್ಷ ಬೇರೊಂದು ಹೆಸರಿಗೆ ತಿರುಗಿ ನೋಡಿದ. ನೀನು ಅಷ್ಟು ದಿನ ತೆಗೆದುಕೊಳ್ಳಬೇಡ. ಆ ಕಾರ್ಡು ಅವನಿಗೆ ಕಳಿಸು. ಅಲ್ಲಿ ನಿನ್ನ ಹೆಸರಿನಲ್ಲಿ ಇರಲು ದಾರಿಯಿದ್ದರೆ ಹುಡುಕು. ಇಲ್ಲದಿದ್ದರೆ ಬಾ. ಸೋತು ಬಂದ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು.

ಕಲ್ಲಿನ ಕೆಲಸದವನು ನಿನ್ನೆ ಬಂದಿದ್ದ, ನೊಜುಕೊಳ ತಮ್ಮ ಮ್ಜಿಮಾಸಿ. ಅಳತೆ ಹಿಡಿದು ತಲೆ ತುರಿಸಿಕೊಂಡ. ಪ್ರತಿ ಹೆಸರಿಗೂ ಗೆರೆ ಹಾಕಿಯಾಗಿದೆ, ಇನ್ನೊಂದು ಸಾಲಿಗೆ ಜಾಗವಿಲ್ಲ. ಏವಾಲ್ಡ್ ಅವನ ಮುಖ ನೋಡಿದ, ನಾನು ಏವಾಲ್ಡನ ಮುಖ ನೋಡಿದೆ. ಮ್ಜಿಮಾಸಿ ಚೀಟಿಯನ್ನು ಇನ್ನೊಮ್ಮೆ ಓದಿದ.

“ಹೆಸರು ಇಬ್ಬರಿಗೂ ಒಂದೇ ಅಲ್ವೇನಮ್ಮಾ? ಔಗುಸ್ಟ್ ಅಂತ ಒಂದೇ ಸಲ ಕೆತ್ತುತೀನಿ. ಮನೆ ಹೆಸರು ಮಾತ್ರ ಎರಡು ಬರಲಿ.”

ಏವಾಲ್ಡ್ ಬಾಗಿ ಅಳತೆಪಟ್ಟಿಯ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಅವನು ಮಂಡಿಯೂರಿ ಕೂತು ಉಳಿ ಇಟ್ಟ.

ಆಲ್ಮಾ ಲೆಂಬ್ಕೆ